ನಿಮಗಿದು ಗೊತ್ತೇ? ಸೋಫಾ ವ್ಯಾಪಾರಿಯ ಹಳೇ ಗುಟ್ಟು!

ಚಿಲಮತ್ತೂರಿನವರೇ, ನಿಮ್ಮ ಕೊಡಿಕೊಂಡ ಚೆಕ್‌ಪೋಸ್ಟ್ ಹತ್ತಿರ 44ನೇ ರಾಷ್ಟ್ರೀಯ ಹೆದ್ದಾರಿ ಹಿಡಿಯಿರಿ. ದಕ್ಷಿಣಕ್ಕೆ ಹೊರಟರೆ ಬೆಂಗಳೂರು, ಉತ್ತರಕ್ಕೆ ಹೊರಟರೆ ಹೈದರಾಬಾದ್. ಎರಡೂ ಊರಲ್ಲಿ ನೀಲಿ ಗೋಡೆ, ಹಳದಿ ಅಕ್ಷರದ ಭಾರಿ ಅಂಗಡಿ ಕಾಣುತ್ತದೆ. ಹೆಸರು ಐಕಿಯಾ. ಮಂಚ, ಮೇಜು, ಸೋಫಾ ಮಾರುವ ಜಾಗ. ಅದನ್ನು ಹುಟ್ಟುಹಾಕಿದ ಸ್ವೀಡನ್ನಿನ ಇಂಗ್ವಾರ್ ಕಂಪ್ರಾದ್ ಹರೆಯದಲ್ಲಿ ನಾಜಿ ಪಕ್ಷದ ಸದಸ್ಯ! ಗೊತ್ತಿತ್ತೇ?

ಬೆಂಕಿಪೊಟ್ಟಣದಿಂದ ಶುರು

ಇಂಗ್ವಾರ್ ಹುಟ್ಟಿದ್ದು 1926ರ ಮಾರ್ಚ್ 30ರಂದು. ದಕ್ಷಿಣ ಸ್ವೀಡನ್ನಿನ ಸ್ಮೋಲಂಡ್ ಸೀಮೆ. ಕಲ್ಲುನೆಲ, ಕಾಡು, ಕೈ ಬಿಗಿಹಿಡಿದು ಬದುಕುವ ಜನ. ಆರು ವರ್ಷ ತುಂಬುವ ಮೊದಲೇ ಈ ಹುಡುಗ ವ್ಯಾಪಾರಕ್ಕಿಳಿದಿದ್ದ. ಚಿಕ್ಕಮ್ಮನ ಸಹಾಯದಿಂದ ಸ್ಟಾಕ್‌ಹೋಮ್‌ನಲ್ಲಿ ಬೆಂಕಿಪೊಟ್ಟಣಗಳನ್ನು ಸಗಟಾಗಿ ಕೊಳ್ಳುವುದು, ನೆರೆಹೊರೆಗೆ ಬಿಡಿಬಿಡಿಯಾಗಿ ಮಾರುವುದು. ಲಾಭವೋ ಲಾಭ!

ಈತನ ತಾತ ಸ್ವೀಡನ್ನಿನವರೇ ಅಲ್ಲ. 1896ರಲ್ಲಿ ಜರ್ಮನಿಯಿಂದ ಬಂದು ಜಮೀನು ಕೊಂಡವರು. ಸಾಲದ ಹೊರೆ ತಾಳಲಾರದೆ ಕೆಲವೇ ಸಮಯದಲ್ಲಿ ಪ್ರಾಣ ಕಳೆದುಕೊಂಡರು. ಜಮೀನನ್ನು ಉಳಿಸಿ ನಿಲ್ಲಿಸಿದ್ದು ಅಜ್ಜಿ ಫ್ರಾನ್ಸಿಸ್ಕಾ. ಗಟ್ಟಿಗಿತ್ತಿ! ಆದರೆ ಆ ಅಜ್ಜಿಗೆ ಹಿಟ್ಲರ್ ಎಂದರೆ ಭಾರಿ ಅಭಿಮಾನ. ಮೊಮ್ಮಗನಿಗೆ ನಾಜಿ ಪ್ರಚಾರದ ಪತ್ರಿಕೆಗಳು ಸಿಕ್ಕಿದ್ದು ಮನೆಯೊಳಗೇ!

ಈಗ 1943ನೇ ಇಸವಿ ನೋಡಿ. ಇಂಗ್ವಾರ್‌ಗೆ 17 ವರ್ಷ. ಚೆನ್ನಾಗಿ ಓದಿದ್ದಕ್ಕೆ ಅಪ್ಪ ಕೊಟ್ಟ ದುಡ್ಡಿನಲ್ಲಿ ಕಂಪನಿ ನೋಂದಾಯಿಸಿದ. ಅದೇ ಐಕಿಯಾ. ಅದೇ ವರ್ಷ ಸ್ವೀಡನ್ನಿನ ಭದ್ರತಾ ಪೊಲೀಸರು ಈತನ ಹೆಸರಿನಲ್ಲಿ ಒಂದು ಕಡತ ತೆರೆದರು. ಯಾಕೆ ಗೊತ್ತೇ? ಹುಡುಗ ನಾಜಿ ಪಕ್ಷಕ್ಕೆ ಸೇರಿದ್ದ! ಕಂಪನಿಗೂ ಪೊಲೀಸ್ ಕಡತಕ್ಕೂ ಒಂದೇ ವಯಸ್ಸು!

ಪೊಲೀಸರು ಸುಮ್ಮನೆ ಹೆಸರು ಬರೆದು ಬಿಡಲಿಲ್ಲ. ಈತನ ಕಾಗದಗಳನ್ನೂ ಒಡೆದು ಓದಿದರು. ಗೆಳೆಯರನ್ನು ಪಕ್ಷಕ್ಕೆ ಸೇರಿಸಿದ್ದೇನೆ ಎಂದು ಹುಡುಗ ಉತ್ಸಾಹದಿಂದ ಬರೆದಿದ್ದ. ಬರೀ ಸದಸ್ಯನಲ್ಲ, ಕಾರ್ಯಕರ್ತನೇ!

ಆ ಪಕ್ಷದ ನಾಯಕ ಸ್ವೆನ್ ಒಲೋವ್ ಲಿಂಡ್‌ಹೋಲ್ಮ್ ಕತೆ ಇನ್ನೂ ವಿಚಿತ್ರ. ಯುದ್ಧದ ಕಾಲದಲ್ಲಿ ಸ್ವೀಡನ್ನಿನ ನಾಜಿಗಳ ಮುಖಂಡ. ಇಳಿವಯಸ್ಸಿನಲ್ಲಿ ಆ ಸಿದ್ಧಾಂತವನ್ನೇ ಬಿಟ್ಟು ಎಡಕ್ಕೆ ಹೊರಳಿದ. ಅಣ್ವಸ್ತ್ರ ವಿರೋಧಿಗಳ ಜತೆ ಸೇರಿಕೊಂಡ! ಅಂದು ಇವನನ್ನು ಬೈದವರೇ ಕೊನೆಗೆ ಇವನ ಸಂಗಾತಿಗಳು!

ಒಂದೇ ತೋಟದಲ್ಲಿ ಇಬ್ಬರು ಗೆಳೆಯರು

ಈಗ ಇದನ್ನು ಕೇಳಿ, ನಿಜಕ್ಕೂ ಬೆರಗಾಗುತ್ತೀರಿ. ಅದೇ ಇಂಗ್ವಾರ್‌ನ ಆಪ್ತ ಗೆಳೆಯ ಒಬ್ಬ ಯಹೂದಿ ಹುಡುಗ! ಹೆಸರು ಒಟ್ಟೋ ಉಲ್‌ಮನ್. 1939ರಲ್ಲಿ ವಿಯೆನ್ನಾದಿಂದ ತಪ್ಪಿಸಿಕೊಂಡು ಒಬ್ಬನೇ ಸ್ವೀಡನ್ನಿಗೆ ಬಂದಾಗ ಅವನಿಗೆ 13 ವರ್ಷ. ಮುಂದೆ ಕೆಲಸ ಸಿಕ್ಕಿದ್ದು ಕಂಪ್ರಾದ್ ಕುಟುಂಬದ ಜಮೀನಿನಲ್ಲೇ!

ಒಟ್ಟೋನ ಅಪ್ಪ ಅಮ್ಮ ವಿಯೆನ್ನಾದಲ್ಲೇ ಸಿಕ್ಕಿಕೊಂಡರು. ಅಲ್ಲಿಂದ ಮಗನಿಗೆ ಬರೆದ ಕಾಗದಗಳು ಒಟ್ಟು ಸುಮಾರು 500! ಕೊನೆಕೊನೆಯವು ಬಂದದ್ದು ತೆರೆಝಿನ್‌ಸ್ಟಾಟ್ ಶಿಬಿರದಿಂದ. ಆಮೇಲೆ ಇಬ್ಬರನ್ನೂ ಔಷ್‌ವಿಟ್ಸ್‌ನಲ್ಲಿ ಕೊಂದರು.

ಅಂದರೆ ಹಗಲು ಯಹೂದಿ ಗೆಳೆಯನ ಜತೆ ಹೊಲದಲ್ಲಿ ಓಡಾಟ, ಇನ್ನೊಂದು ಕಡೆ ಯಹೂದಿ ದ್ವೇಷಿಗಳ ಪಕ್ಷಕ್ಕೆ ಜನ ಸೇರಿಸುವ ಕೆಲಸ. ಒಂದೇ ತಲೆಯಲ್ಲಿ ಎರಡೂ ಹೇಗೆ ಹಿಡಿದವೋ!

ಲಿಂಡ್‌ಹೋಲ್ಮ್ ಪಕ್ಷ ಒಂದೇ ಸಾಲಲಿಲ್ಲ. ಇಂಗ್ವಾರ್ ಪೆರ್ ಎಂಗ್‌ಡಾಲ್ ಎಂಬ ಇನ್ನೊಬ್ಬ ಫ್ಯಾಸಿಸ್ಟ್ ನಾಯಕನಿಗೂ ಮಾರುಹೋದ. ಎಂಗ್‌ಡಾಲ್‌ಗೆ ಕಣ್ಣು ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ. ಕವಿ ಬೇರೆ! ಹಿಟ್ಲರ್ ಸತ್ತು ಆರು ವರ್ಷವಾದ ಮೇಲೆ, 1951ರಲ್ಲಿ, ಯುರೋಪಿನ ಫ್ಯಾಸಿಸ್ಟರನ್ನೆಲ್ಲ ಸ್ವೀಡನ್ನಿನ ಮಾಲ್ಮೋ ನಗರಕ್ಕೆ ಕರೆಸಿ ಸಮಾವೇಶ ಮಾಡಿದ್ದು ಈತನೇ!

1950ರಲ್ಲಿ ಕಂಪ್ರಾದ್ ಮದುವೆ. ಆಹ್ವಾನ ಪತ್ರಿಕೆ ಯಾರಿಗೆ ಹೋಯಿತು ಗೊತ್ತೇ? ಇದೇ ಎಂಗ್‌ಡಾಲ್‌ಗೆ! ಯುದ್ಧ ಮುಗಿದು, ನಾಜಿಗಳ ಶಿಬಿರಗಳ ಚಿತ್ರಗಳನ್ನು ಜಗತ್ತೆಲ್ಲ ನೋಡಿ ಐದು ವರ್ಷವಾದ ಮೇಲೆ! ಆಮೇಲೆ ಮೆಲ್ಲಗೆ ವ್ಯಾಪಾರ ಬೆಳೆಯಿತು, ರಾಜಕೀಯ ಹಿಂದೆ ಬಿತ್ತು. ಗುಟ್ಟು ಗುಟ್ಟಾಗಿಯೇ ಉಳಿಯಿತು.

ಮೇಜಿನ ಕಾಲು ಬಿಚ್ಚಿ ಕೋಟಿ ಗಳಿಸಿದ್ದು

ಐಕಿಯಾ ಮೊದಲು ಮಾರಿದ್ದು ಮಂಚವನ್ನಲ್ಲ. ಪೆನ್ನು, ಪರ್ಸು, ಕೈಗಡಿಯಾರ, ನೈಲಾನ್ ಕಾಲುಚೀಲ! ಸಾಮಾನು ರೈಲ್ವೆ ಸ್ಟೇಷನ್ನಿಗೆ ಹೋಗುತ್ತಿದ್ದುದು ದಿನಾ ಬೆಳಿಗ್ಗೆ ಹಾಲು ಒಯ್ಯುವ ಗಾಡಿಯಲ್ಲಿ! ಮೇಜು ಕುರ್ಚಿ ಬಂದದ್ದು 1948ರ ಹೊತ್ತಿಗೆ.

1956ರಲ್ಲಿ ಗಿಲ್ಲಿಸ್ ಲುಂಡ್‌ಗ್ರೆನ್ ಎಂಬ ನೌಕರ ಒಂದು ಮೇಜನ್ನು ಕಾರಿಗೆ ತುಂಬಲು ಹೊರಟ. ಹಿಡಿಸಲಿಲ್ಲ. ಕಾಲುಗಳನ್ನೇ ಬಿಚ್ಚಿಬಿಟ್ಟ! ಬಿಡಿಭಾಗಗಳನ್ನು ಚಪ್ಪಟೆ ಪೆಟ್ಟಿಗೆಯಲ್ಲಿ ಕೊಟ್ಟು, ಮನೆಯಲ್ಲಿ ನೀವೇ ಜೋಡಿಸಿಕೊಳ್ಳಿ ಎನ್ನುವ ಪದ್ಧತಿ ಐಕಿಯಾದಲ್ಲಿ ಬೇರೂರಿದ್ದು ಹಾಗೆ.

ಐಕಿಯಾದ ಮಂಚ, ಸೋಫಾಗಳಿಗೆ ಬಾಯಿಗೆ ಸಿಗದ ಹೆಸರುಗಳು ಯಾಕೆ? ಕಂಪ್ರಾದ್‌ಗೆ ಡಿಸ್ಲೆಕ್ಸಿಯಾ ಇತ್ತು. ಅಂಕಿಗಳ ಕೋಡ್ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೇ ನಂಬರು ಬಿಟ್ಟು ಹೆಸರಿಟ್ಟರು. ಸೋಫಾಗಳಿಗೆ ಸ್ವೀಡನ್ನಿನ ಊರುಗಳು, ಮಂಚಗಳಿಗೆ ನಾರ್ವೆಯ ಊರುಗಳು, ಜಮಖಾನೆಗಳಿಗೆ ಡೆನ್ಮಾರ್ಕಿನ ಊರುಗಳು! ಲೇಪಾಕ್ಷಿ ಸೋಫಾ, ಮಡಕಶಿರಾ ಮಂಚ ಅಂದ ಹಾಗೆ!

ಅಗ್ಗಕ್ಕೆ ಮಾರುತ್ತಾನೆಂದು ಸ್ವೀಡನ್ನಿನ ಹಳೆಯ ವರ್ತಕರು ಸಿಟ್ಟಾದರು. ಮಾಲು ಕೊಡಬೇಡಿ ಎಂದು ಕಾರ್ಖಾನೆಗಳಿಗೆ ತಾಕೀತು ಮಾಡಿದರು. ಕಂಪ್ರಾದ್ ಎಲ್ಲಿಗೆ ಹೋದರು ಗೊತ್ತೇ? 1961ರಲ್ಲಿ ನೇರ ಪೋಲಂಡಿಗೆ! ಆಗ ಅಲ್ಲಿ ಇದ್ದದ್ದು ಕಮ್ಯುನಿಸ್ಟ್ ಸರ್ಕಾರ. ಹಳೇ ಫ್ಯಾಸಿಸ್ಟ್ ಅಭಿಮಾನಿಯ ಅಂಗಡಿಯನ್ನು ಉಳಿಸಿದ್ದು ಕಮ್ಯುನಿಸ್ಟರ ನಾಡಿನ ಬಡಗಿಗಳು!

ಸತ್ತವನ ಪೆಟ್ಟಿಗೆಯಿಂದ ಬಂದ ಸುದ್ದಿ

1994ರ ಮೇ ತಿಂಗಳಲ್ಲಿ ಎಂಗ್‌ಡಾಲ್ ತೀರಿಕೊಂಡ. ಆತನ ಕಾಗದಪತ್ರಗಳು ಹೊರಗೆ ಬಂದವು. ಅದರಲ್ಲಿ ಕಂಪ್ರಾದ್ ಕಾಗದಗಳು! ಅದೇ ವರ್ಷ ನವೆಂಬರಿನಲ್ಲಿ ಎಕ್ಸ್‌ಪ್ರೆಸ್ಸೆನ್ ಪತ್ರಿಕೆ ಎಲ್ಲವನ್ನೂ ಅಚ್ಚು ಹಾಕಿತು. ನಾಲ್ಕು ದಶಕ ಮುಚ್ಚಿದ್ದ ಗುಟ್ಟು ಬೀದಿಗೆ ಬಿತ್ತು!

ಆಗ ಕಂಪ್ರಾದ್ ಮಾಡಿದ್ದೇನು? ವಕೀಲರನ್ನು ಮುಂದೆ ಬಿಡಲಿಲ್ಲ. ತಮ್ಮ ನೌಕರರೆಲ್ಲರಿಗೂ ಕಾಗದ ಬರೆದರು. ಹರೆಯದ ಆ ನಂಟು ತಮ್ಮ ಬದುಕಿನ ಅತಿ ದೊಡ್ಡ ತಪ್ಪು ಎಂದು ಒಪ್ಪಿಕೊಂಡರು. 1998ರಲ್ಲಿ ಬಂದ ತಮ್ಮ ಜೀವನಕತೆಯ ಪುಸ್ತಕದಲ್ಲೂ ಅದನ್ನು ವಿವರವಾಗಿ ಹೇಳಿಕೊಂಡರು.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಇಲ್ಲ! 2011ರಲ್ಲಿ ಪತ್ರಕರ್ತೆ ಎಲಿಸಬೆತ್ ಓಸ್‌ಬ್ರಿಂಕ್ ಒಟ್ಟೋನ ಕಾಗದಗಳನ್ನು ಆಧರಿಸಿ ಪುಸ್ತಕ ಬರೆದರು. ಆಗಲೇ ಪೊಲೀಸ್ ಕಡತವೂ ಬೆಳಕಿಗೆ ಬಂದದ್ದು. ಕಂಪ್ರಾದ್ ತಾವು ಹೇಳಿಕೊಂಡದ್ದಕ್ಕಿಂತ ಹೆಚ್ಚು ಆಳಕ್ಕೆ ಇಳಿದಿದ್ದರು ಎಂದು ಗೊತ್ತಾದದ್ದು ಆಗಲೇ! ಪುಸ್ತಕಕ್ಕೆ ಸ್ವೀಡನ್ನಿನ ದೊಡ್ಡ ಸಾಹಿತ್ಯ ಬಹುಮಾನವಾದ ಆಗಸ್ಟ್ ಪ್ರಶಸ್ತಿ ಸಿಕ್ಕಿತು.

ಇನ್ನೂ ಒಂದು ಸಿಕ್ಕು. ತಪ್ಪಾಯಿತು ಎಂದಿದ್ದ ಅದೇ ಮನುಷ್ಯ ಓಸ್‌ಬ್ರಿಂಕ್ ಅವರಿಗೆ ಕೊಟ್ಟ ಸಂದರ್ಶನದಲ್ಲಿ ಎಂಗ್‌ಡಾಲ್ ದೊಡ್ಡ ಮನುಷ್ಯ ಎಂದೇ ಹೇಳಿದರು! ಪಕ್ಷ ಬಿಟ್ಟರು, ಗುರುವನ್ನು ಬಿಡಲಿಲ್ಲ!

ಅದೇ 2011ರಲ್ಲಿ ಐಕಿಯಾ ಪ್ರತಿಷ್ಠಾನ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಗೆ 6.2 ಕೋಟಿ ಡಾಲರ್ ಕೊಡುವುದಾಗಿ ಸಾರಿತು. ಕೀನ್ಯಾದ ದಾದಾಬ್ ಶಿಬಿರದ ನಿರಾಶ್ರಿತರಿಗಾಗಿ. ಆ ಸಂಸ್ಥೆಗೆ ಖಾಸಗಿಯವರಿಂದ ಅಷ್ಟು ದೊಡ್ಡ ದೇಣಿಗೆ ಅದುವರೆಗೆ ಬಂದೇ ಇರಲಿಲ್ಲ!

ಜಗತ್ತಿನ ಭಾರಿ ಸಿರಿವಂತರಲ್ಲಿ ಒಬ್ಬರಾದ ಈ ಕಂಪ್ರಾದ್ ಓಡಿಸುತ್ತಿದ್ದುದು ಹಳೇ ವೋಲ್ವೋ ಕಾರು. ವಿಮಾನದಲ್ಲಿ ಅಗ್ಗದ ಸೀಟು. 90 ತುಂಬಿದಾಗ ಟೀವಿಯವರ ಮುಂದೆ ಹೇಳಿದ್ದೇನು ಗೊತ್ತೇ? ತಾವು ತೊಟ್ಟ ಬಟ್ಟೆಯೆಲ್ಲ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡದ್ದು ಎಂದು! ತೆರಿಗೆಯಲ್ಲೂ ಅಷ್ಟೇ ಬಿಗಿ. ಸ್ವೀಡನ್ನಿನ ತೆರಿಗೆ ಜಾಸ್ತಿಯೆಂದು 1973ರಲ್ಲಿ ದೇಶ ಬಿಟ್ಟವರು ಮರಳಿದ್ದು 2014ರಲ್ಲಿ!

ಕಂಪ್ರಾದ್ ತೀರಿಕೊಂಡದ್ದು 2018ರ ಜನವರಿ 27ರಂದು. ಭಾರತದ ಮೊದಲ ಐಕಿಯಾ ಹೈದರಾಬಾದಿನಲ್ಲಿ ಬಾಗಿಲು ತೆರೆದದ್ದು ಅದೇ ವರ್ಷ ಆಗಸ್ಟ್ 9ಕ್ಕೆ. ಏಳು ತಿಂಗಳೂ ತುಂಬಿರಲಿಲ್ಲ! ಅಲ್ಲಿನ ಹೋಟೆಲಿನಲ್ಲಿ ಸಾವಿರ ಜನ ಕೂರಬಹುದು. ಸ್ವೀಡನ್ನಿನ ಮಾಂಸದುಂಡೆಗೆ ಬದಲು ಕೋಳಿಯುಂಡೆ, ತರಕಾರಿಯುಂಡೆ. ಜತೆಗೆ ಆಗ 99 ರೂಪಾಯಿಗೆ ಬಿರಿಯಾನಿಯೂ ಸಿಗುತ್ತಿತ್ತು!

ಬೆಂಗಳೂರಿನ ನಾಗಸಂದ್ರದ ಅಂಗಡಿ ತೆರೆದದ್ದು 2022ರ ಜೂನ್ 22ರಂದು. ಮೊದಲ ವಾರಾಂತ್ಯಕ್ಕೆ ಎಂಥ ನೂಕುನುಗ್ಗಲು ಅಂದರೆ, ಒಳಗೆ ಬರಲು ಮೂರು ಗಂಟೆ ಕಾಯಬೇಕು ಎಂದು ಕಂಪನಿಯೇ ಸಾರಬೇಕಾಯಿತು!

ಬೆನ್ನಟ್ಟಿದವನ ಕತೆಯೂ ಕಡಿಮೆಯಿಲ್ಲ

ಸ್ಟೀಗ್ ಲಾರ್ಸನ್ ಹೆಸರು ಕೇಳಿದ್ದೀರಾ? ಡ್ರ್ಯಾಗನ್ ಹಚ್ಚೆಯ ಹುಡುಗಿಯ ಕಾದಂಬರಿಗಳನ್ನು ಬರೆದವರು. ಅವರ ಅಸಲಿ ಕಸುಬು ಸ್ವೀಡನ್ನಿನ ನಾಜಿವಾದಿಗಳ ಬೆನ್ನಟ್ಟುವುದು! 1995ರಲ್ಲಿ ಅದಕ್ಕೆಂದೇ ‘ಎಕ್ಸ್‌ಪೋ’ ಎಂಬ ಪತ್ರಿಕೆ ಕಟ್ಟಿದವರಲ್ಲಿ ಅವರೂ ಒಬ್ಬರು.

1996ರಲ್ಲಿ ಎಕ್ಸ್‌ಪೋ ಅಚ್ಚು ಹಾಕುವವರ ಮೇಲೆ, ಮಾರುವವರ ಮೇಲೆ ದಾಳಿಗಳಾದವು. ಆಗ ಏನಾಯಿತು ಗೊತ್ತೇ? ಒಂದನ್ನೊಂದು ಕಂಡರಾಗದ ಎರಡು ದೊಡ್ಡ ಪತ್ರಿಕೆಗಳು, ಆಫ್ಟನ್‌ಬ್ಲಾಡೆಟ್ ಮತ್ತು ಎಕ್ಸ್‌ಪ್ರೆಸ್ಸೆನ್, ಕೈಜೋಡಿಸಿದವು. ಎಕ್ಸ್‌ಪೋ ಸಂಚಿಕೆಯನ್ನು ಎರಡೂ ತಮ್ಮ ಪತ್ರಿಕೆಯ ಜತೆಗೇ ಹಂಚಿದವು! ಬಾಯಿ ಮುಚ್ಚಿಸಲು ಹೊರಟದ್ದು ಮನೆಮನೆಗೂ ತಲುಪಿತು!

ಲಾರ್ಸನ್ ಕಾದಂಬರಿಯ ನಾಯಕಿ ಹೊಸ ಮನೆ ಮಾಡಿದಾಗ ಸಾಮಾನು ಕೊಳ್ಳಲು ಎಲ್ಲಿಗೆ ಹೋಗುತ್ತಾಳೆ ಹೇಳಿ? ಐಕಿಯಾಗೆ! ಕೊಂಡ ಸಾಮಾನಿನ ಉದ್ದದ ಪಟ್ಟಿಯೇ ಪುಸ್ತಕದಲ್ಲಿದೆ!

2004ರ ನವೆಂಬರ್ 9. ಲಾರ್ಸನ್ ಆಫೀಸಿಗೆ ಬಂದರೆ ಲಿಫ್ಟ್ ಕೆಟ್ಟಿತ್ತು. ಏಳು ಮಹಡಿ ಹತ್ತಿದರು, ಹೃದಯಾಘಾತವಾಯಿತು. ವಯಸ್ಸು ಬರೀ 50. ಕಾದಂಬರಿ ಒಂದೂ ಆಗಿನ್ನೂ ಅಚ್ಚಾಗಿರಲಿಲ್ಲ! ಕೋಟಿಗಟ್ಟಲೆ ಪ್ರತಿಗಳು ಮಾರಾಟವಾದದ್ದೆಲ್ಲ ಅವರು ಹೋದ ಮೇಲೆ!

ನೊಬೆಲ್ ಪದಕ ಕೊಟ್ಟದ್ದು ಯಾರಿಗೆ?

ಹಿಟ್ಲರನ ಅಭಿಮಾನಿಗಳು ಪಕ್ಕದ ನಾರ್ವೆಯಲ್ಲೂ ಇದ್ದರು. ಅಲ್ಲಿನ ಕ್ನುಟ್ ಹಾಮ್ಸನ್ 1920ರಲ್ಲಿ ಸಾಹಿತ್ಯದ ನೊಬೆಲ್ ಗೆದ್ದ ದೊಡ್ಡ ಲೇಖಕ. 1943ರಲ್ಲಿ ಆ ಪದಕವನ್ನು ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್‌ಗೆ ಉಡುಗೊರೆಯಾಗಿ ಕಳಿಸಿಬಿಟ್ಟ! ಹಿಟ್ಲರ್ ಸತ್ತಾಗ ಪತ್ರಿಕೆಯಲ್ಲಿ ಶ್ರದ್ಧಾಂಜಲಿಯನ್ನೂ ಬರೆದ.

ಯುದ್ಧ ಮುಗಿದ ಮೇಲೆ ಹಾಮ್ಸನ್‌ನನ್ನು ಮನೋವೈದ್ಯರು ಪರೀಕ್ಷಿಸಿದರು. ಮುದುಕನ ಬುದ್ಧಿಶಕ್ತಿ ಖಾಯಮ್ಮಾಗಿ ಕುಂದಿದೆ ಎಂದು ಬರೆದುಕೊಟ್ಟರು. ಮುದುಕ ಸುಮ್ಮನಿದ್ದನೇ? 90ನೇ ವಯಸ್ಸಿನಲ್ಲಿ ಹೊಸ ಪುಸ್ತಕ ತಂದ. ಓದಿದವರು ದಂಗಾದರು. ತಲೆ ಚುರುಕಾಗಿಯೇ ಇತ್ತು!

ಅದೇ ನಾರ್ವೆಯನ್ನು ಹಿಟ್ಲರನಿಗೆ ಒಪ್ಪಿಸಲು ನಿಂತ ವಿದ್‌ಕುನ್ ಕ್ವಿಸ್ಲಿಂಗ್ ಮೊದಲು ಏನಾಗಿದ್ದ ಗೊತ್ತೇ? ಉಕ್ರೇನಿನ ಬರಗಾಲದಲ್ಲಿ ಹಸಿದವರಿಗೆ ಅನ್ನ ಮುಟ್ಟಿಸುವ ಅಧಿಕಾರಿ! ಶಾಂತಿ ನೊಬೆಲ್ ಪಡೆದ ನಾನ್ಸೆನ್ ಅವರ ಸಹಾಯಕ! 1945ರ ಅಕ್ಟೋಬರಿನಲ್ಲಿ ಅವನಿಗೆ ಮರಣದಂಡನೆಯಾಯಿತು. ಓಸ್ಲೋದಲ್ಲಿ ಅವನು ಮೆರೆದ ಬಂಗಲೆ ಈಗ ಯಹೂದಿಗಳ ಹತ್ಯಾಕಾಂಡದ ಅಧ್ಯಯನ ಕೇಂದ್ರ!

ಹೊರಬರಲು ಒಂದು ಬಾಗಿಲು

ನಾಜಿವಾದಿಗಳ ಗುಂಪಿಗೆ ಸೇರಿದವರನ್ನು ಹೊರಗೆ ತರಲೆಂದೇ ಒಂದು ಯೋಜನೆ ಇದೆ, ಗೊತ್ತೇ? ಹೆಸರು ಎಕ್ಸಿಟ್. ಶುರುವಾದದ್ದು 1997ರಲ್ಲಿ ನಾರ್ವೆಯಲ್ಲಿ. ಸಂಶೋಧಕ ಟೂರೆ ಬ್ಯೋರ್ಗೊ ಅದರ ರೂವಾರಿ. ಮಕ್ಕಳು ಇಂಥ ಗುಂಪಿಗೆ ಸಿಕ್ಕಿಬಿದ್ದ ತಂದೆತಾಯಿಯರು ಒಟ್ಟುಗೂಡಿ ಒಬ್ಬರಿಗೊಬ್ಬರು ದಾರಿ ತೋರಿಸಿಕೊಂಡರು!

ನಾರ್ವೆ ಪೊಲೀಸರದು ಇನ್ನೊಂದು ಉಪಾಯ. ಹುಡುಗ ದಾರಿ ತಪ್ಪುತ್ತಿದ್ದಾನೆ ಅನ್ನಿಸಿದರೆ ಲಾಠಿ ಎತ್ತುವುದಿಲ್ಲ. ಅಪ್ಪ ಅಮ್ಮನ ಜತೆ ಕರೆದು ಕೂರಿಸಿ ಮಾತಾಡಿಸುತ್ತಾರೆ!

ಇಂಥ ಗುಂಪುಗಳಿಂದ ಏನಾಗುತ್ತದೆ ನೋಡಿ. 2001ರ ಜನವರಿಯಲ್ಲಿ ಓಸ್ಲೋದಲ್ಲಿ ಬೆಂಜಮಿನ್ ಹೆರ್ಮನ್‌ಸೆನ್ ಎಂಬ 15ರ ಹುಡುಗನನ್ನು ನಾಜಿವಾದಿಗಳು ಕೊಂದರು. ಅವನ ತಂದೆ ಘಾನಾದವರು ಎಂಬುದೇ ಕಾರಣ. ಸುಮಾರು 40,000 ಜನ ಬೀದಿಗಿಳಿದರು. ಅದೇ ವರ್ಷ ಮೈಕೆಲ್ ಜಾಕ್ಸನ್ ತನ್ನ ‘ಇನ್ವಿನ್ಸಿಬಲ್’ ಆಲ್ಬಮ್ಮಿನ ಅರ್ಪಣೆಯಲ್ಲಿ ಆ ಹುಡುಗನ ಹೆಸರು ಹಾಕಿದ!

ಸ್ವೀಡನ್ನಿನಲ್ಲಿ 1998ರಲ್ಲಿ ಎಕ್ಸಿಟ್ ಶುರುಮಾಡಿದ್ದು ಯಾರು? ಪ್ರೊಫೆಸರರೂ ಅಲ್ಲ, ಪೊಲೀಸರೂ ಅಲ್ಲ. ಕೆಂಟ್ ಲಿಂಡಾಲ್ ಎಂಬಾತ. ಅವನೇ ಒಂದು ಕಾಲದ ಕಟ್ಟಾ ಬಲಪಂಥೀಯ! ಒಳಗಿದ್ದು ಬಂದವನಿಗೇ ಅಲ್ಲವೇ ಬಾಗಿಲು ಎಲ್ಲಿದೆ ಎಂದು ಗೊತ್ತಿರುವುದು!

ಅದಕ್ಕೆ ಜಾಗ ಕೊಟ್ಟದ್ದು ಸ್ಟಾಕ್‌ಹೋಮ್‌ನ ಫ್ರೂಸ್‌ಹುಸೆಟ್ ಎಂಬ ಯುವಕೇಂದ್ರ. 1984ರಲ್ಲಿ ಅದು ಶುರುವಾದದ್ದು ಒಂದು ಹಳೇ ಕೋಲ್ಡ್ ಸ್ಟೋರೇಜಿನಲ್ಲಿ! ಕಟ್ಟಿದವರು ಆಂದೆರ್ಸ್ ಕಾರ್ಲ್‌ಬೆರ್ಗ್. 1968ರಲ್ಲಿ ಸ್ಟಾಕ್‌ಹೋಮ್‌ನ ವಿದ್ಯಾರ್ಥಿ ಸಂಘದ ಕಟ್ಟಡವನ್ನೇ ವಶಪಡಿಸಿಕೊಂಡ ಎಡಪಂಥೀಯರ ಮುಂದಾಳು! ಹಳೇ ಬಲಪಂಥೀಯನಿಗೆ ನೆಲೆ ಕೊಟ್ಟದ್ದು ಹಳೇ ಎಡಪಂಥೀಯ!

ನಮ್ಮ ಕೊಪ್ಪದವರೊಬ್ಬರು

ಇದೆಲ್ಲ ದೂರದ ಚಳಿದೇಶದ ಕತೆ ಅಂದುಕೊಂಡಿರಾ? ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದ ಮಹೇಂದ್ರ ಕುಮಾರ್ ಅವರನ್ನು ನೆನಪಿಸಿಕೊಳ್ಳಿ. ಸಂಘಟನೆ ಬೇರೆ, ಕಾಲ ಬೇರೆ. ಒಳಗಿದ್ದು ಹೊರಬಂದ ದಾರಿ ಮಾತ್ರ ಅಂಥದ್ದೇ.

2008ರ ಸೆಪ್ಟೆಂಬರ್ 14, ಭಾನುವಾರ. ಮಂಗಳೂರಿನಲ್ಲಿ ಚರ್ಚುಗಳ ಮೇಲೆ ದಾಳಿಯಾಯಿತು. ಆಗ ಮಹೇಂದ್ರ ಕುಮಾರ್ ಬಜರಂಗದಳದ ರಾಜ್ಯ ಸಂಚಾಲಕರು. ಪತ್ರಕರ್ತರ ಮುಂದೆ ಕೂತು ಹೊಣೆಯನ್ನು ತಾವೇ ಹೊತ್ತುಕೊಂಡರು! ಕೆಲವೇ ದಿನಗಳಲ್ಲಿ ಬಂಧನವಾಯಿತು.

ಆಮೇಲೆ ಬದುಕು ತಿರುಗಿತು. ಬಜರಂಗದಳ ಬಿಟ್ಟರು. ಜೆಡಿಎಸ್ ಸೇರಿದರು. ಕೊನೆಗೆ ‘ನಮ್ಮ ಧ್ವನಿ’ ಎಂಬ ವೇದಿಕೆ ಕಟ್ಟಿ, ಒಂದು ಕಾಲದಲ್ಲಿ ತಾವೇ ಮಾಡಿದ್ದ ಕೋಮು ರಾಜಕೀಯದ ವಿರುದ್ಧ ಊರೂರು ಸುತ್ತಿ ಮಾತಾಡಿದರು! ಅವರ ಹಳೆಯ ಭಾಷಣ ಕೇಳಿದ್ದವರು ಹೊಸ ಭಾಷಣ ಕೇಳಿ ಬೆರಗಾದರು!

2020ರ ಏಪ್ರಿಲ್ 25ರಂದು ಹೃದಯಾಘಾತದಿಂದ ಅವರು ತೀರಿಕೊಂಡರು. ವಯಸ್ಸು ಬರೀ 47! ಆಮೇಲೆ ಅವರ ಬದುಕನ್ನು ಪುಸ್ತಕವಾಗಿಸಿದವರು ಮಂಗಳೂರು ಕಡೆಯ ಪತ್ರಕರ್ತ ನವೀನ್ ಸೂರಿಂಜೆ.

ನೀರಿಗೆ ಬಿದ್ದರೆ ಬಣ್ಣ ಬಯಲು

ನಾರ್ವೆಯ ಎಕ್ಸಿಟ್ 2000ದಲ್ಲಿ ಜರ್ಮನಿಗೂ ಬಂತು. ಅಲ್ಲಿಯವರು 2011ರಲ್ಲಿ ಒಂದು ಕಿತಾಪತಿ ಮಾಡಿದರು. ಗೇರಾ ಊರಿನಲ್ಲಿ ಕಟ್ಟಾ ಬಲಪಂಥೀಯರ ಸಂಗೀತ ಮೇಳ. ಅಲ್ಲಿ 250 ಟೀಶರ್ಟ್ ಪುಕ್ಕಟೆ ಹಂಚಿದರು. ಮೇಲೆ ತಲೆಬುರುಡೆ, ಬಾವುಟಗಳ ಚಿತ್ರ. ಹುಡುಗರಿಗೆ ಖುಷಿಯೋ ಖುಷಿ!

ಮನೆಗೆ ಹೋಗಿ ಒಗೆದರೆ ತಲೆಬುರುಡೆ ಮಾಯ! ಅದರ ಜಾಗದಲ್ಲಿ ಬೇರೆಯೇ ಬರಹ: ನಿನ್ನ ಟೀಶರ್ಟಿನಿಂದ ಆದದ್ದು ನಿನ್ನಿಂದಲೂ ಆದೀತು, ಹೊರಬರಲು ನಾವು ನೆರವಾಗುತ್ತೇವೆ ಎಂದು!

2014ರಲ್ಲಿ ವುನ್‌ಸೀಡೆಲ್ ಎಂಬ ಪುಟ್ಟ ಊರಿನವರು ಇನ್ನೂ ಮುಂದೆ ಹೋದರು. ಹಿಟ್ಲರನ ಬಂಟ ರುಡಾಲ್ಫ್ ಹೆಸ್‌ನನ್ನು ಹೂಳಿದ್ದ ಊರದು. ವರ್ಷವರ್ಷವೂ ಅಲ್ಲಿ ನಾಜಿವಾದಿಗಳ ಮೆರವಣಿಗೆ. ತಡೆದು ತಡೆದು ಊರವರು ಸುಸ್ತಾಗಿದ್ದರು. ಆ ವರ್ಷ ತಡೆಯಲೇ ಇಲ್ಲ! ಬದಲಿಗೆ ಒಂದು ಪಂದ್ಯ ಕಟ್ಟಿದರು. ನಾಜಿವಾದಿಗಳು ನಡೆದ ಪ್ರತಿ ಮೀಟರಿಗೆ 10 ಯೂರೊ ದೇಣಿಗೆ. ಯಾರಿಗೆ? ಅವರನ್ನು ಆ ಗುಂಪಿನಿಂದ ಬಿಡಿಸುವ ಎಕ್ಸಿಟ್‌ಗೆ!

ರಸ್ತೆಯ ಮೇಲೆ ಎಷ್ಟು ದುಡ್ಡಾಯಿತು ಎಂದು ಬಣ್ಣದಲ್ಲಿ ಬರೆದಿದ್ದರು. ದಾರಿಯಲ್ಲಿ ದಣಿದವರಿಗೆ ತಿನ್ನಲು ಬಾಳೆಹಣ್ಣು! ಕೊನೆ ಮುಟ್ಟಿದಾಗ ಬಣ್ಣದ ಚೂರುಗಳ ಮಳೆ, ಥ್ಯಾಂಕ್ಸ್ ಹೇಳುವ ಫಲಕ! ಲೆಕ್ಕ ಹಾಕಿದರೆ ಒಟ್ಟು 10,000 ಯೂರೊ. ತಮ್ಮದೇ ಗುಂಪನ್ನು ಖಾಲಿ ಮಾಡಲು ತಾವೇ ನಡೆದು ನಡೆದು ದುಡ್ಡು ಕೂಡಿಸಿಕೊಟ್ಟ ಮೆರವಣಿಗೆಯನ್ನು ನೀವು ಬೇರೆಲ್ಲಾದರೂ ಕೇಳಿದ್ದೀರಾ?